ಅಗ್ಗದ ಅಡುಗೆ ಕಪಾಟು: ಕೊಳ್ಳುವ ಮುನ್ನ ಒಳಗನ್ನು ನೋಡಿ

ಮನೆ ಕಟ್ಟಿಸುವಾಗ ತಲೆಬಾಗಿಲಿಗೆ ದಾಂಡೇಲಿಯ ಸಾಗುವಾನಿ, ದೇವರ ಕೋಣೆಗೆ ಕೆತ್ತನೆಯ ಚೌಕಟ್ಟು, ಪಡಸಾಲೆಗೆ ಮುಖ ಕಾಣುವಂತೆ ಹೊಳೆಯುವ ಹಾಸುಗಲ್ಲು ಎಂದು ಕೈಬಿಚ್ಚಿ ಖರ್ಚು ಮಾಡುವ ಯಜಮಾನರು ಅಡುಗೆಮನೆಯವರೆಗೆ ಬರುವಷ್ಟರಲ್ಲಿ ಕೈ ಬರಿದು ಮಾಡಿಕೊಂಡಿರುತ್ತಾರೆ. ಇದು ನಮ್ಮ ಮುಧೋಳ ಸೀಮೆಯಲ್ಲಿ ಹತ್ತು ಮನೆಗಳ ಪೈಕಿ ಎಂಟರಲ್ಲಿ ನಾನು ಕಂಡ ಸಂಗತಿ. ಮನೆಯ ಹೆಣ್ಣುಮಕ್ಕಳು ದಿನದ ಬಹುಪಾಲು ಹೊತ್ತನ್ನು ಕಳೆಯುವ ಜಾಗಕ್ಕೆ ಕೊನೆಯಲ್ಲಿ ಉಳಿದ ಹಣ. ಆ ಹಣಕ್ಕೆ ಸಿಗುವುದು ಅಂಗಡಿಯ ಗಾಜಿನ ಹಿಂದೆ ಬಣ್ಣಬಣ್ಣವಾಗಿ ನಿಂತಿರುವ ಸಿದ್ಧ ಕಪಾಟು. ಬಿಡಿ ಹಲಗೆಗಳಾಗಿ ರಟ್ಟಿನ ಪೆಟ್ಟಿಗೆಯಲ್ಲಿ ಬಂದು, ಒಂದೆರಡು ತಾಸಿನಲ್ಲಿ ಸ್ಕ್ರೂ ಬಿಗಿದು ನಿಲ್ಲಿಸುವಂಥದ್ದು. ಅದನ್ನು ಕೊಳ್ಳಬಾರದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಅಗ್ಗವಾದುದೆಲ್ಲ ಕೆಟ್ಟದ್ದಲ್ಲ. ಆದರೆ ಕಪಾಟಿನ ಮುಖ ನೋಡಿ ಕೊಳ್ಳುವವರೇ ಹೆಚ್ಚು. ಅದರ ಹೊಟ್ಟೆಯನ್ನೂ ಬೆನ್ನನ್ನೂ ನೋಡುವವರು ವಿರಳ.

ನನ್ನಣ್ಣನ ಮನೆಯ ಕಥೆಯನ್ನೇ ಹೇಳುತ್ತೇನೆ. 2017ರಲ್ಲಿ ಅಣ್ಣ ನಿವೃತ್ತನಾದಾಗ ಬಂದ ಹಣದಲ್ಲಿ ಮನೆಯ ದುರಸ್ತಿ ಮಾಡಿಸಿ, ಕೊನೆಗೆ ಉಳಿದ 38 ಸಾವಿರ ರೂಪಾಯಿಯಲ್ಲಿ ಅಡುಗೆಮನೆಗೆ ಕಪಾಟು ಕೂಡಿಸಿದ. ಸಮೀಪದ ಪಟ್ಟಣದ ಒಂದು ಅಂಗಡಿಯಿಂದ ತಂದದ್ದು. ಕೆಂಪು ಬಾಗಿಲು, ಬೆಳ್ಳಿಬಣ್ಣದ ಹಿಡಿಕೆ. ನೆರೆಹೊರೆಯವರು ಬಂದು ನೋಡಿಹೋದರು. ಆರು ತಿಂಗಳಿಗೆ ನೀರಿನ ತೊಟ್ಟಿಯ ಕೆಳಗಿನ ಹಲಗೆ ಉಬ್ಬಿತು. ವರ್ಷಕ್ಕೆ ಅದರ ಅಂಚಿನ ಪಟ್ಟಿ ಬಿಟ್ಟುಕೊಂಡಿತು. ಎರಡನೆಯ ವರ್ಷ ಹಿಟ್ಟಿನ ಡಬ್ಬಿ ಇಟ್ಟಿದ್ದ ಹಲಗೆ ನಡುವಿನಲ್ಲಿ ಜೋತುಬಿದ್ದು, ಬಾಗಿಲೊಂದು ಬಿಜಾಗರಿ ಸಮೇತ ವೈನಿಯ ಕೈಗೆ ಬಂದಿತು. ಅಂಗಡಿಯವರನ್ನು ಕೇಳಿದರೆ ವಾರಂಟಿ ಕಾಗದ ತೋರಿಸಿದರು. ‘ನೀರಿನಿಂದಾದ ಹಾನಿಗೆ ಅನ್ವಯಿಸದು’ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಅಡುಗೆಮನೆಯಲ್ಲಿ ನೀರಲ್ಲದೆ ಮತ್ತಾವುದರಿಂದ ಹಾನಿಯಾದೀತು?

ಅಷ್ಟರಲ್ಲಿ 2019ರ ಆಗಸ್ಟ್ ಬಂದಿತು. ಹಿಡಕಲ್ ಜಲಾಶಯದಿಂದ ನೀರು ಬಿಟ್ಟಂತೆಲ್ಲ ಘಟಪ್ರಭೆ ಉಕ್ಕಿ ಮುಧೋಳದ ತಗ್ಗಿನ ಓಣಿಗಳಿಗೆ ನುಗ್ಗಿದ್ದನ್ನು ಈ ಭಾಗದ ಓದುಗರು ಮರೆತಿರಲಾರರು. ಕೃಷ್ಣೆಯ ದಂಡೆಯಲ್ಲಿ ಜಮಖಂಡಿ, ರಬಕವಿ ಕಡೆಯ ಊರುಗಳದೂ ಅದೇ ಪಾಡು. ಅಣ್ಣನ ಮನೆಯಲ್ಲಿ ಮೊಣಕಾಲುದ್ದ ನೀರು ನಿಂತಿತು. ನೀರಿಳಿದ ಮೇಲೆ ಹೋಗಿ ನೋಡಿದರೆ ಕೆಳಗಿನ ಸಾಲಿನ ಕಪಾಟುಗಳೆಲ್ಲ ನೆನೆದ ಭಕ್ಕರಿಯಂತೆ ಬಿರಿದಿದ್ದವು. ಕೈ ಹಚ್ಚಿದರೆ ಪುಡಿಪುಡಿ ಉದುರುತ್ತಿತ್ತು. ಅದೇ ಓಣಿಯಲ್ಲಿ ಕಡಪಾ ಕಲ್ಲಿನ ಅಂಕಣಗಳಿದ್ದ ಹಳೆಯ ಅಡುಗೆಮನೆಗಳನ್ನು ತೊಳೆದು ಮರುದಿನವೇ ಒಲೆ ಹಚ್ಚಿದರು. ನ್ಯಾಯವಾಗಿ ಹೇಳಬೇಕೆಂದರೆ, ಪ್ರವಾಹದ ನೀರಿಗೆ ತಡೆಯುವಂತೆ ಯಾವ ಹಲಗೆಯನ್ನೂ ಯಾರೂ ಮಾಡಿರುವುದಿಲ್ಲ. ಆ ತಪ್ಪನ್ನು ಅಂಗಡಿಯವರ ತಲೆಗೆ ಕಟ್ಟಲಾಗದು. ಆದರೆ ಮೊದಲ ಆರು ತಿಂಗಳ ಉಬ್ಬುವಿಕೆ ಪ್ರವಾಹದ್ದಲ್ಲ, ದಿನನಿತ್ಯದ ನೀರಿನದು.

ಎರಡನೆಯ ಬಾರಿ ಕೊಳ್ಳುವ ಪ್ರಸಂಗ ಬಂದಾಗ ವೈನಿ ಯಜಮಾನಿಕೆಯನ್ನು ತಾವೇ ವಹಿಸಿಕೊಂಡರು. ಅವರ ಜೊತೆಗೆ ನಾನೂ ಮುಧೋಳ, ಬಾಗಲಕೋಟೆ, ಬೆಳಗಾವಿಗಳ ಅಂಗಡಿಗಳನ್ನು ಸುತ್ತಿದೆ. ಮೊದಲ ಅಂಗಡಿಯಲ್ಲಿ ನಡೆದ ಸಂಭಾಷಣೆ ಈಗಲೂ ನೆನಪಿದೆ.

“ಅಕ್ಕಾರ, ಮಾಲು ಭಾರಿ ಐತ್ರಿ” ಎಂದ ಹುಡುಗ.

“ಭಾರಿ ಅಂದ್ರ ತೂಕ ಭಾರಿನೋ, ರೇಟ್ ಭಾರಿನೋ ತಮ್ಮಾ? ಇದರ ಹೊಟ್ಟ್ಯಾಗ ಏನೈತಿ ಅದನ್ನ ತೋರಸು.”

ಹುಡುಗ ನಕ್ಕ. ಆದರೆ ಆ ಪ್ರಶ್ನೆಯಲ್ಲಿಯೇ ಪರೀಕ್ಷೆಯ ಅರ್ಧ ಭಾಗ ಅಡಗಿದೆ.

ಹಲಗೆಯ ಒಳಗೇನಿದೆ?

ಅಗ್ಗದ ಕಪಾಟಿನ ಮೈ ಸಾಮಾನ್ಯವಾಗಿ ಪಾರ್ಟಿಕಲ್ ಬೋರ್ಡಿನದು. ಮರದ ಚೂರುಗಳನ್ನು ಅಂಟಿನೊಂದಿಗೆ ಕಲಸಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಕಬ್ಬಿನ ಬಗಾಸಿನಿಂದಲೂ ಇದನ್ನು ಮಾಡುತ್ತಾರೆ. ಸಮೀರವಾಡಿಯಂಥ ಸಕ್ಕರೆ ಕಾರ್ಖಾನೆಗಳ ನೆರೆಯಲ್ಲಿರುವ ನಮಗೆ ಅದರ ಬೆಟ್ಟದಂಥ ರಾಶಿಗಳು ಹೊಸವಲ್ಲ. ಆದರೆ ಬಗಾಸನ್ನು ಉರಿಸಿ ವಿದ್ಯುತ್ ಮಾಡಿ ಮಾರುವುದು ಲಾಭಕರವಾದ ಮೇಲೆ ಹಲಗೆಗೆ ಹೋಗುವ ಪಾಲು ಕಡಿಮೆ. ಇದಕ್ಕಿಂತ ನುಣುಪಾದದ್ದು ಎಂ.ಡಿ.ಎಫ್.; ಮರದ ನಾರನ್ನೇ ಅರೆದು ಒತ್ತಿದ್ದು. ಅದರಲ್ಲಿಯೇ ಹೆಚ್ಚು ಸಾಂದ್ರತೆಯ, ತೇವವನ್ನು ತಕ್ಕಮಟ್ಟಿಗೆ ತಡೆಯುವ ಬಗೆಗೆ ಎಚ್.ಡಿ.ಎಚ್.ಎಂ.ಆರ್. ಎಂಬ ಉದ್ದನೆಯ ಹೆಸರು. ಆಮೇಲೆ ತೆಳುಪದರಗಳನ್ನು ಅಡ್ಡಉದ್ದ ಅಂಟಿಸಿದ ಪ್ಲೈವುಡ್. ಇವೆಲ್ಲದರ ಮೇಲೂ ಒಂದೇ ಬಗೆಯ ಸನ್‌ಮೈಕಾ ಅಂಟಿಸಿದರೆ ಹೊರಗಿನಿಂದ ಗುರುತಿಸುವುದು ಬಡಿಗರಿಗೂ ಕಷ್ಟ.

ಆದ್ದರಿಂದ ಬಿಜಾಗರಿಗಾಗಿ ಕೊರೆದ ಗುಳಿಯನ್ನೋ, ನಲ್ಲಿಯ ಕೊಳವೆಗಾಗಿ ಕತ್ತರಿಸಿದ ತೂತನ್ನೋ ನೋಡಬೇಕು. ಅಲ್ಲಿ ಹಲಗೆಯ ಒಳಮೈ ಬಯಲಾಗಿರುತ್ತದೆ. ರವೆಯಂತೆ ಚೂರುಗಳು ಕಂಡರೆ ಪಾರ್ಟಿಕಲ್ ಬೋರ್ಡ್; ಗಟ್ಟಿ ರಟ್ಟಿನಂತೆ ಒಂದೇ ಸಮನೆ ಕಂಡರೆ ಎಂ.ಡಿ.ಎಫ್. ಜಾತಿ, ಪದರಗಳು ಕಂಡರೆ ಪ್ಲೈವುಡ್. ಒಳಮೈ ಹಸಿರಾಗಿದ್ದರೆ ‘ಇದು ನೀರಿಗೆ ಜಗ್ಗದು’ ಎಂದು ಅಂಗಡಿಯವರು ಹೇಳುವುದುಂಟು. ಹಸಿರು ಕೇವಲ ಬಣ್ಣ. ತೇವ ತಡೆಯುವ ಹಲಗೆಯನ್ನು ಗುರುತಿಸಲೆಂದು ಬಣ್ಣ ಹಾಕುವ ರೂಢಿ ಬಂದದ್ದು ನಿಜ. ಆದರೆ ನೀರನ್ನು ತಡೆಯುವುದು ಅಂಟು ಮತ್ತು ಸಾಂದ್ರತೆಯೇ ಹೊರತು ಬಣ್ಣವಲ್ಲ.

ಸಾಂದ್ರತೆಯನ್ನು ತಿಳಿಯಲು ತಕ್ಕಡಿಯೇ ಸಾಕು. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, 18 ಮಿಲಿಮೀಟರ್ ದಪ್ಪದ ಸಾಧಾರಣ ಪಾರ್ಟಿಕಲ್ ಬೋರ್ಡ್ ಹಲಗೆ ಸುಮಾರು ಮೂರೂಕಾಲರಿಂದ ಮೂರೂವರೆ ಕಿಲೋ ತೂಗುತ್ತದೆ. ಅದೇ ಅಳತೆಯ ಎಚ್.ಡಿ.ಎಚ್.ಎಂ.ಆರ್. ನಾಲ್ಕೂಕಾಲು ಕಿಲೋದ ಆಚೀಚೆ. ಮೂರು ಕಿಲೋ ಕೂಡ ತೂಗದ ಹಲಗೆಯನ್ನು ಎಷ್ಟೇ ಹೊಳೆಯುತ್ತಿದ್ದರೂ ಅಲ್ಲಿಯೇ ಬಿಡುವುದು ಲೇಸು. ವೈನಿ ಕಿರಾಣಿ ಅಂಗಡಿಯ ತೂಗುಯಂತ್ರದ ಮೇಲೆ ಹಲಗೆ ಇಡಿಸಿ ನೋಡಿದ್ದನ್ನು ಕಂಡು ಬಾಗಲಕೋಟೆಯ ವ್ಯಾಪಾರಿಯೊಬ್ಬರು ಬೆರಗಾದರು.

ಇನ್ನೊಂದು ಪರೀಕ್ಷೆಗೆ ತಾಳ್ಮೆ ಬೇಕು. ಬೇರೆಬೇರೆ ಅಂಗಡಿಗಳಿಂದ ಅಂಗೈಯಗಲದ ಕತ್ತರಿಸಿದ ತುಂಡುಗಳನ್ನು ಬೇಡಿ ತನ್ನಿರಿ. ಕೊಡಲೊಲ್ಲದ ಅಂಗಡಿಯ ಬಗೆಗೆ ಅಷ್ಟರಿಂದಲೇ ಒಂದು ಅಭಿಪ್ರಾಯಕ್ಕೆ ಬರಬಹುದು. ತುಂಡಿನ ದಪ್ಪವನ್ನು ಅಳೆದು ಬರೆದಿಟ್ಟು, ಒಂದು ಹಗಲು ಒಂದು ರಾತ್ರಿ ಬಕೀಟಿನ ನೀರಿನಲ್ಲಿ ಮುಳುಗಿಸಿಡಿ. ಅಣ್ಣನ ಮನೆಯಲ್ಲಿ ನಾಲ್ಕು ತುಂಡುಗಳನ್ನು ನೆನೆಹಾಕಿದ್ದೆವು. ಅಗ್ಗದ ಪಾರ್ಟಿಕಲ್ ಬೋರ್ಡು ಬೆಳಗಾಗುವಷ್ಟರಲ್ಲಿ ಅಂಚಿನಲ್ಲಿ ಹೂವಿನಂತೆ ಅರಳಿತ್ತು. ಬೆರಳಿನಿಂದ ಒತ್ತಿದರೆ ಕುಸಿಯಿತು. ಎಚ್.ಡಿ.ಎಚ್.ಎಂ.ಆರ್. ಎಂದು ಹೇಳಿ ಕೊಟ್ಟ ಎರಡು ತುಂಡುಗಳಲ್ಲಿ ಒಂದು ಹೆಸರಿಗೆ ತಕ್ಕಂತಿತ್ತು, ಇನ್ನೊಂದು ಕಣ್ಣಿಗೆ ಕಾಣುವಷ್ಟು ದಪ್ಪವಾಗಿತ್ತು. ಹೆಸರು ಒಂದೇ, ಮಾಲು ಬೇರೆ. ಪ್ಲೈವುಡ್ಡಿನ ತುಂಡು ಹೇಗಿತ್ತೋ ಹಾಗೆಯೇ ಇತ್ತು.

ಪ್ಲೈವುಡ್ ಎಂದೊಡನೆ ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 303 ಎಂಬ ಮಾನಕದಲ್ಲಿ ಸಾಧಾರಣ ಬಳಕೆಯ ಪ್ಲೈವುಡ್ಡಿಗೆ ಎರಡು ದರ್ಜೆಗಳು: ಎಂ.ಆರ್. ಎಂದರೆ ತೇವವನ್ನು ತಡೆಯುವುದು, ಬಿ.ಡಬ್ಲ್ಯು.ಆರ್. ಎಂದರೆ ಕುದಿನೀರನ್ನೂ ತಡೆಯುವುದು. ಐ.ಎಸ್. 710 ಇವೆರಡಕ್ಕಿಂತ ಮೇಲಿನದು. ಹಡಗು, ದೋಣಿಗಳಿಗಾಗಿ ಗೊತ್ತುಮಾಡಿದ್ದು, ಅದರ ತುಂಡನ್ನು 72 ತಾಸು ಕುದಿಸಿ ಪರೀಕ್ಷಿಸಬೇಕು. ಇಡೀ ಅಡುಗೆಮನೆಗೆ 710ರ ಹಲಗೆ ಹಾಕಿಸುವುದು ದುಂದು. ತೊಟ್ಟಿಯ ಕೆಳಗಿನ ಒಂದು ಅಂಕಣಕ್ಕೆ ಮಾತ್ರ ಹಾಕಿಸಿದರೆ ವೆಚ್ಚ ಹೆಚ್ಚುವುದಿಲ್ಲ, ಕೆಡುವುದೂ ಅಲ್ಲಿಯೇ ಮೊದಲು. ಪಾರ್ಟಿಕಲ್ ಬೋರ್ಡಿಗೆ ಐ.ಎಸ್. 3087, ಮೊದಲೇ ಸನ್‌ಮೈಕಾದಂಥ ಹೊದಿಕೆ ಹಚ್ಚಿ ಬರುವ ಪಾರ್ಟಿಕಲ್ ಬೋರ್ಡಿಗೆ ಐ.ಎಸ್. 12823. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಸಾಕು, ಅಂಗಡಿಯವರ ಮಾತಿನ ಧಾಟಿಯೇ ಬದಲಾಗುತ್ತದೆ. ಐ.ಎಸ್.ಐ. ಗುರುತಿನ ಜೊತೆ ‘ಸಿ.ಎಂ./ಎಲ್.’ ಎಂದು ಆರಂಭವಾಗುವ ಪರವಾನಿಗೆ ಸಂಖ್ಯೆ ಇರಲೇಬೇಕು. ಮಾನಕ ಸಂಸ್ಥೆಯವರು ಮೊಬೈಲಿಗೆ ಕೊಟ್ಟಿರುವ ‘ಬಿ.ಐ.ಎಸ್. ಕೇರ್’ ಎಂಬ ಸಾಧನದಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಅದು ಯಾರದು, ಯಾವ ಮಾಲಿಗೆ ಕೊಟ್ಟದ್ದು, ಇನ್ನೂ ಊರ್ಜಿತವಿದೆಯೇ ಎಂಬುದು ತಿಳಿಯುತ್ತದೆ. ಮೊಮ್ಮಕ್ಕಳ ಕೈಗೆ ಕೊಟ್ಟರೆ ನಿಮಿಷದ ಕೆಲಸ.

ಅಂಟಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಈ ಹಲಗೆಗಳ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕವಿರುತ್ತದೆ. ಹೊಸ ಕಪಾಟಿನ ಬಾಗಿಲು ತೆರೆದೊಡನೆ ಮೂಗಿಗೆ ಅಡರಿ ಕಣ್ಣಲ್ಲಿ ನೀರು ತರಿಸುವ ವಾಸನೆ ಅದರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹೆದರಿ ಕಪಾಟನ್ನೇ ಬಿಡಬೇಕೆಂದಲ್ಲ. ಕಡಿಮೆ ಹೊರಸೂಸುವ ಹಲಗೆಗೆ ‘ಇ-1’ ಎಂಬ ದರ್ಜೆಯಿದೆ. ಅದನ್ನು ಕೇಳಿ ಪಡೆಯಬೇಕು. ಹಲಗೆಯ ಎಲ್ಲ ಅಂಚುಗಳಿಗೂ, ಕಣ್ಣಿಗೆ ಕಾಣದ ಹಿಂದಿನ ಹಾಗೂ ತಳದ ಅಂಚುಗಳಿಗೂ ಪಟ್ಟಿ ಅಂಟಿಸಿದ್ದರೆ ವಾಸನೆಯೂ ಹೊರಬೀಳದು, ನೀರೂ ಒಳಸೇರದು. ಕೂಡಿಸಿದ ಮೇಲೆ ಒಂದೆರಡು ವಾರ ಬಾಗಿಲು ತೆರೆದಿಟ್ಟು, ಕಿಟಕಿ ತೆಗೆದು, ಆಮೇಲೆ ಹಿಟ್ಟು ಬೇಳೆಗಳನ್ನು ಇಡಿ.

ಅಂಚು, ಬೆನ್ನು, ಕಾಲು

ಕಪಾಟು ಸಾಯುವುದು ಅಂಚಿನಿಂದ. ಮೇಲ್ಮೈಯ ಹೊದಿಕೆಯನ್ನು ದಾಟಿ ನೀರು ಇಳಿಯುವುದು ಅಪರೂಪ. ಅಂಚಿನ ಪಟ್ಟಿಯ ಸಂದಿನಲ್ಲಿ ಇಳಿಯುವುದೇ ಹೆಚ್ಚು. ಅಗ್ಗದ ಮಾಲಿನಲ್ಲಿ ಈ ಪಟ್ಟಿ ಅರ್ಧ ಮಿಲಿಮೀಟರಿನಷ್ಟು ತೆಳುವಾಗಿರುತ್ತದೆ, ಒಳ್ಳೆಯದರಲ್ಲಿ ಎರಡು ಮಿಲಿಮೀಟರ್. ಉಗುರನ್ನು ಅಂಚಿನುದ್ದಕ್ಕೂ ಎಳೆದು ನೋಡಿ: ಎಲ್ಲಿಯೂ ಸಿಕ್ಕಿಕೊಳ್ಳಬಾರದು, ಮೂಲೆಗಳಲ್ಲಿ ಅಂಟು ಒಸರಿರಬಾರದು. ತೊಟ್ಟಿಗಾಗಿ, ಕೊಳವೆಗಾಗಿ ಮನೆಯಲ್ಲಿಯೇ ಕತ್ತರಿಸುವ ಅಂಚುಗಳು ಬೋಳಾಗಿಯೇ ಉಳಿಯುತ್ತವೆ. ಜೋಡಿಸಲು ಬಂದವರು ಹೋಗುವ ಮೊದಲು ಅವುಗಳಿಗೆ ಸಿಲಿಕೋನ್ ಬಳಿಸಿಕೊಳ್ಳಿ. ಹತ್ತು ನಿಮಿಷದ ಈ ಕೆಲಸವನ್ನು ಬಿಟ್ಟದ್ದೇ ಅಣ್ಣನ ಮೊದಲ ಕಪಾಟಿಗೆ ಮುಳುವಾಯಿತೆಂದು ಆಮೇಲೆ ನಮಗೆ ತಿಳಿಯಿತು.

ಬೆನ್ನಿನ ಹಲಗೆಯನ್ನು ಬೆರಳಿನಿಂದ ಒತ್ತಿ ನೋಡಿ. ಡೊಳ್ಳಿನಂತೆ ಒಳಗೆ ಹೋಗಿ ಬಂದರೆ ಅದು ಮೂರು ಮಿಲಿಮೀಟರಿನ ತೆಳು ಹಲಗೆ, ಹಿಂದಿನಿಂದ ಮೊಳೆ ಬಡಿದು ಕೂಡಿಸಿದ್ದು. ಪೆಟ್ಟಿಗೆ ಚೌಕವಾಗಿ ನಿಲ್ಲುವುದು ಬೆನ್ನಿನ ಬಲದಿಂದ. ಆರೆಂಟು ಮಿಲಿಮೀಟರಿನ ಬೆನ್ನು, ನಾಲ್ಕೂ ಕಡೆ ಗಾಡಿಯಲ್ಲಿ ಸೇರಿಸಿದ್ದಾದರೆ ಬಾಗಿಲುಗಳು ವರುಷಗಟ್ಟಲೆ ಓರೆಯಾಗುವುದಿಲ್ಲ.

ನಮ್ಮಲ್ಲಿ ಅಡುಗೆಮನೆಯನ್ನು ನೀರು ಸುರಿದು ತೊಳೆಯುವುದು ವಾಡಿಕೆ. ಹಬ್ಬದ ಮುನ್ನ, ಅಮಾವಾಸ್ಯೆಯ ಮುನ್ನ ಕೊಡಗಟ್ಟಲೆ ನೀರು. ಆದ್ದರಿಂದ ನೆಲಕ್ಕೆ ತಾಗಿ ಕೂಡುವ ಕಪಾಟು ನಮ್ಮ ಮನೆಗಳಿಗೆ ಸಲ್ಲದು. ನಾಲ್ಕಂಗುಲ ಎತ್ತರದ ಪ್ಲಾಸ್ಟಿಕ್ ಕಾಲುಗಳು, ಮುಂದೆ ಕಳಚಿ ಇಡಬಲ್ಲ ಪಟ್ಟಿ ಇರಬೇಕು. ಎರೆಮಣ್ಣಿನ ನೆಲದಲ್ಲಿ ಗೆದ್ದಲಿನ ಕಾಟ ಗೊತ್ತಿದ್ದವರಿಗೆ ಇದರ ಇನ್ನೊಂದು ಲಾಭವನ್ನು ಬಿಡಿಸಿ ಹೇಳಬೇಕಿಲ್ಲ. ಹುಳು ಹತ್ತಿದರೆ ಅದರ ಮಣ್ಣಿನ ದಾರಿ ಕಾಲಿನ ಮೇಲೆ ಕಣ್ಣಿಗೆ ಬೀಳುತ್ತದೆ.

ಹಿಟ್ಟಿನ ಡಬ್ಬಿಯ ಲೆಕ್ಕ

ಸಿದ್ಧ ಕಪಾಟುಗಳ ಮೂಲ ಹೊರಗಿನದು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಬಡಾವಣೆಗಳಿಗಾಗಿ ಮಾರ್ಗರೆಟ್ ಷೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಹೆಣ್ಣುಮಗಳು ಇಕ್ಕಟ್ಟಿನ ಜಾಗದಲ್ಲಿ ಗೃಹಿಣಿಯ ನಡಿಗೆ ಉಳಿಯುವಂತೆ ಗೋಡೆಯುದ್ದಕ್ಕೂ ಕಪಾಟು ಕೂಡಿಸಿದ ಅಡುಗೆಮನೆಯನ್ನು ರೂಪಿಸಿದಳು. ಬಿಡಿಯಾಗಿ ಕಟ್ಟಿಕೊಟ್ಟು ಕೊಂಡವರೇ ಜೋಡಿಸಿಕೊಳ್ಳುವ ಪದ್ಧತಿಯನ್ನು ಸ್ವೀಡನ್ನಿನ ಐಕಿಯಾ ಸಂಸ್ಥೆ 1956ರಿಂದ ಜನಪ್ರಿಯಗೊಳಿಸಿತು. ಅದರ ಮಳಿಗೆ ಬೆಂಗಳೂರಿನ ನಾಗಸಂದ್ರದಲ್ಲಿ ತೆರೆದದ್ದು 2022ರಲ್ಲಿ. ಆ ದೇಶಗಳ ಅಡುಗೆಮನೆಯಲ್ಲಿ ಕಪಾಟಿನ ಮೇಲೆ ಇಡುವುದು ಪಿಂಗಾಣಿ ಬಟ್ಟಲು, ಬ್ರೆಡ್ಡಿನ ಪೊಟ್ಟಣ. ನಮ್ಮಲ್ಲಿ ಹದಿನೈದು ಕಿಲೋ ಜೋಳದ ಹಿಟ್ಟು, ಎಣ್ಣೆಯ ಡಬ್ಬಿ, ಹಿತ್ತಾಳೆಯ ಪಾತೇಲಿ.

ಇಲ್ಲಿ ಸ್ವಲ್ಪ ಲೆಕ್ಕ ಬೇಕಾಗುತ್ತದೆ. ಹಲಗೆಯ ಉದ್ದ ಹೆಚ್ಚಿದಂತೆ ಅದು ಜೋಲುವ ಪ್ರಮಾಣ ಅದಕ್ಕೆ ಸಮನಾಗಿ ಹೆಚ್ಚುವುದಿಲ್ಲ, ನೆಗೆಯುತ್ತದೆ. ಉದ್ದಕ್ಕೂ ಒಂದೇ ಸಮನೆ ಭಾರ ಹೇರಿದ್ದಾದರೆ ಎರಡಡಿಯ ಹಲಗೆಗಿಂತ ಮೂರಡಿಯ ಹಲಗೆ ಐದು ಪಟ್ಟು ಜೋಲುತ್ತದೆ. ದಪ್ಪದ ವಿಷಯದಲ್ಲಿ ಇದೇ ನಿಯಮ ನಮ್ಮ ಪರವಾಗಿ ನಿಲ್ಲುತ್ತದೆ: 16ರ ಬದಲು 18 ಮಿಲಿಮೀಟರಿನ ಹಲಗೆ ಹಾಕಿಸಿದರೆ ಜೋಲುವುದು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಹಾಗಾಗಿ ಎರಡಡಿಗಿಂತ ಅಗಲವಾದ ಅಂಕಣವನ್ನು ಕೊಂಡರೆ ನಡುವೆ ಒಂದು ನಿಲುಹಲಗೆಯನ್ನು ಕೇಳಿ ಹಾಕಿಸಿ. ಹಿಟ್ಟಿನ ಡಬ್ಬಿ ಏನಿದ್ದರೂ ತಳದ ಹಲಗೆಗೇ ಇರಲಿ. ಅಣ್ಣನ ಮನೆಯಲ್ಲಿ ಜೋತುಬಿದ್ದದ್ದು ಮೂರಡಿಯ, 16 ಮಿಲಿಮೀಟರಿನ ನಡುಹಲಗೆ. ಅದರ ಮೇಲೆ ಎರಡು ಡಬ್ಬಿ ಹಿಟ್ಟು.

ರೊಟ್ಟಿಯ ವಿಷಯವನ್ನು ಯಾವ ಅಂಗಡಿಯವರೂ ಯೋಚಿಸಿದಂತಿಲ್ಲ. ಚಪಾತಿ ಲಟ್ಟಿಸುವುದು ಬೇರೆ, ಜೋಳದ ರೊಟ್ಟಿ ಬಡಿಯುವುದು ಬೇರೆ. ಒಂದು ಹೊತ್ತಿಗೆ ಇಪ್ಪತ್ತು ರೊಟ್ಟಿ ಬಡಿಯುವ ಮನೆಯಲ್ಲಿ ಕಟ್ಟೆಗೆ ಬೀಳುವ ಪೆಟ್ಟು ಸಾವಿರಾರು. ಮೇಲೆ ಗ್ರಾನೈಟಿನ ಭಾರ: ಎಂಟಡಿ ಉದ್ದ, ಎರಡಡಿ ಅಗಲ, 20 ಮಿಲಿಮೀಟರ್ ದಪ್ಪದ ಕಲ್ಲು ಸುಮಾರು 80 ಕಿಲೋ ಆಗುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟು ನಮಗೆ ಕೈಯಳತೆಯಲ್ಲಿ ಸಿಗುವುದರಿಂದ ಎಲ್ಲರೂ ಅದನ್ನೇ ಹಾಸುತ್ತಾರೆ, ಹಾಸಲಿ. ಆದರೆ ಅದನ್ನು ಪಾರ್ಟಿಕಲ್ ಬೋರ್ಡಿನ ಪೆಟ್ಟಿಗೆಗಳ ಮೇಲೆಯೇ ಕೂಡಿಸಿದರೆ ರೊಟ್ಟಿಯ ಪೆಟ್ಟಿಗೆ ಒಂದೊಂದೇ ಸ್ಕ್ರೂ ಸಡಿಲಗೊಳ್ಳುತ್ತದೆ. ಈ ಬಗೆಯ ಹಲಗೆಯಲ್ಲಿ ಒಮ್ಮೆ ಸಡಿಲಾದ ಸ್ಕ್ರೂವನ್ನು ಅದೇ ತೂತಿನಲ್ಲಿ ಮತ್ತೆ ಬಿಗಿದರೆ ಹಿಡಿಯುವುದಿಲ್ಲ. ಕಲ್ಲನ್ನು ಗೋಡೆಗೆ ಸೇರಿಸಿದ ಇಟ್ಟಿಗೆಯ ಅಥವಾ ಕಡಪಾ ಕಲ್ಲಿನ ಆಸರೆಯ ಮೇಲೆ ನಿಲ್ಲಿಸಿ, ಕಪಾಟು ಅದರ ಕೆಳಗೆ ಭಾರವಿಲ್ಲದೆ ಕೂಡುವಂತೆ ಮಾಡಿಸಬೇಕು. ಎತ್ತರವನ್ನೂ ಗಮನಿಸಿ. ಸಿದ್ಧ ಕಪಾಟಿನ ಕಟ್ಟೆ ಸಾಮಾನ್ಯವಾಗಿ 34 ಅಂಗುಲದ ಆಸುಪಾಸು ಬರುತ್ತದೆ. ನಿಂತು ರೊಟ್ಟಿ ಬಡಿಯುವ ಗಿಡ್ಡ ಹೆಣ್ಣುಮಕ್ಕಳಿಗೆ ಅದು ಹೆಚ್ಚಾಗಿ ಭುಜ ನೋಯುತ್ತದೆ. ವೈನಿ ಕಾಲುಗಳನ್ನು ಗಿಡ್ಡ ಮಾಡಿಸಿ 31 ಅಂಗುಲಕ್ಕೆ ಇಳಿಸಿಕೊಂಡರು. ಅಳತೆ ಮಾಡುವ ದಿನ ಗಂಡಸರು ಅಂಗಡಿಗೆ ಫೋನು ಮಾಡಿ ಅಂಕಿ ಹೇಳುವ ಬದಲು, ರೊಟ್ಟಿ ಮಾಡುವವರನ್ನು ಕಟ್ಟೆಯ ಮುಂದೆ ನಿಲ್ಲಿಸಿ ಅಳೆಯುವುದು ವಾಸಿ.

ಹಂಚಿನ ಝಳವೂ ಕಡಿಮೆಯದಲ್ಲ. ಅಂಚಿನ ಪಟ್ಟಿಯನ್ನು ಹಿಡಿದಿರುವ ಅಂಟು ಬಿಸಿಗೆ ಮೆತ್ತಗಾಗುವ ಜಾತಿಯದು. ಒಲೆಯ ಮೇಲುಗಡೆಗೆ ಎರಡೂವರೆ ಅಡಿಯೊಳಗೆ ಯಾವ ಕಪಾಟೂ ಬರದಿರಲಿ. ಈಗ ಬಹಳ ಮಂದಿ ಕೊಳ್ಳುವ ಪಿ.ವಿ.ಸಿ. ಹಲಗೆಗೂ ಇದೇ ಎಚ್ಚರಿಕೆ. ನೀರಿಗೂ ಗೆದ್ದಲಿಗೂ ಅದು ಜಗ್ಗದು, ತೊಟ್ಟಿಯ ಕೆಳಗೆ ಅದರಷ್ಟು ಒಳ್ಳೆಯದು ಅಗ್ಗದಲ್ಲಿ ಸಿಗದು. ಆದರೆ ಬಿಸಿಗೆ ಬಾಗುತ್ತದೆ, ಭಾರಕ್ಕೆ ಜೋಲುತ್ತದೆ, ಸ್ಕ್ರೂವನ್ನು ಬಿಗಿಯಾಗಿ ಹಿಡಿಯದು.

ಗೋಡೆಗೆ ತೂಗುಹಾಕುವ ಕಪಾಟಿನ ಬಗೆಗೆ ಬೀಳಗಿ ಕಡೆಯ ಹಳೆಯ ಕಲ್ಲುಮಣ್ಣಿನ ಗೋಡೆಯ ಮನೆಯವರಿಗೂ, ಬನಹಟ್ಟಿ ರಬಕವಿಗಳ ನೇಕಾರ ಬಂಧುಗಳಿಗೂ ಒಂದು ಮಾತು. ಮಣ್ಣಿನ ಗೋಡೆಯಲ್ಲಿ ಪ್ಲಾಸ್ಟಿಕ್ ಗುಳಿಗೆ ತುರುಕಿ ಸ್ಕ್ರೂ ಹಾಕಿದರೆ ನಿಲ್ಲದು. ಪಕ್ಕದ ಕೋಣೆಯಲ್ಲಿ ವಿದ್ಯುತ್ ಮಗ್ಗ ನಡೆಯುವ ಮನೆಯಲ್ಲಿ ಗೋಡೆಯೇ ದಿನವಿಡೀ ನಡುಗುತ್ತಿರುತ್ತದೆ. ಅಂಥ ಕಡೆ ತೂಗುಕಪಾಟಿನ ಆಸೆಯನ್ನು ಬಿಟ್ಟು ಹಳೆಯ ಮಾಡಗಳಿಗೇ ಬಾಗಿಲು ಕೂಡಿಸಿಕೊಳ್ಳಿ. ಹಾಕಲೇಬೇಕಾದರೆ ಉದ್ದನೆಯ ಲೋಹದ ಪಟ್ಟಿಯನ್ನು ಗೋಡೆಗೆ ಬಿಗಿದು ಅದರ ಮೇಲೆ ಕಪಾಟನ್ನು ಸಿಕ್ಕಿಸಬೇಕು, ವರ್ಷಕ್ಕೊಮ್ಮೆ ಪಟ್ಟಿಯ ಸ್ಕ್ರೂಗಳನ್ನು ನೋಡಬೇಕು.

ಇನ್ನು ಕಬ್ಬಿಣದ ಸಾಮಾನು. ಸ್ಟೀಲ್ ಬುಟ್ಟಿಗಳಿಗೆ ಅಯಸ್ಕಾಂತ ಹಿಡಿದು ‘ನೋಡ್ರಿ, ಅಂಟೂದಿಲ್ಲ, ಅಸಲಿ ಸ್ಟೀಲ್’ ಎಂದು ತೋರಿಸುವುದು ಅಂಗಡಿಗಳಲ್ಲಿ ಸಾಮಾನ್ಯ. ತುಕ್ಕು ಹಿಡಿಯದ 304 ಬಗೆಯ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ ಎಂಬುದು ನಿಜವೇ. ಆದರೆ ಬೇಗ ತುಕ್ಕು ಹಿಡಿಯುವ ಅಗ್ಗದ 202 ಬಗೆಗೂ ಅಂಟುವುದಿಲ್ಲ. ಅಂಟಿದರೆ ಸಂಶಯಪಡಬೇಕು, ಅಂಟದಿದ್ದರೆ ನಿಶ್ಚಿಂತರಾಗಬೇಕಿಲ್ಲ. ಬಿಲ್ಲಿನಲ್ಲಿ 304 ಎಂದು ಬರೆಸಿಕೊಳ್ಳುವುದೊಂದೇ ಉಪಾಯ. ಡ್ರಾವರನ್ನು ಪೂರ್ತಿ ಹೊರಗೆಳೆದು ಅದರ ಮುಂಭಾಗವನ್ನು ಕೈಯಿಂದ ಕೆಳಕ್ಕೆ ಒತ್ತಿ ನೋಡಿ. ಅಂಗಡಿಯಲ್ಲಿಯೇ ತೊನೆದಾಡಿದರೆ ಮನೆಯಲ್ಲಿ ಸೌಟು ಚಮಚ ತುಂಬಿದ ಮೇಲೆ ಹೇಗೆ?

ಬಿಲ್ಲಿನ ಮಾತು ಬಂದದ್ದರಿಂದ ಹೇಳುತ್ತೇನೆ. ‘ಮಾಡ್ಯುಲರ್ ಕಿಚನ್ ಒಂದು ಸೆಟ್’ ಎಂದಷ್ಟೇ ಬರೆದ ಬಿಲ್ಲು ಏನೂ ಅಲ್ಲ. ಹಲಗೆಯ ಬಗೆ, ದಪ್ಪ, ಐ.ಎಸ್. ಸಂಖ್ಯೆ, ಬಿಜಾಗರಿಯ ಕಂಪನಿ, ಸ್ಟೀಲಿನ ಬಗೆ ಎಲ್ಲವೂ ಅದರಲ್ಲಿರಬೇಕು. ಹೇಳಿದ್ದೊಂದು ಕೊಟ್ಟದ್ದೊಂದು ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಕೊಂಡವರು ತಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು, ನಮಗೆ ಬಾಗಲಕೋಟೆ. ಅಂಗಡಿ ಬೇರೆ ಜಿಲ್ಲೆಯಲ್ಲಿದ್ದರೂ ಅಡ್ಡಿಯಿಲ್ಲ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಬೇಕೆಂಬ ಕಡ್ಡಾಯವಿಲ್ಲ. ಕಾರಣ ಉಂಟಾದ ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಬಹುದು. ಅಣ್ಣನ ಹತ್ತಿರ ಇದ್ದದ್ದು ಬಿಳಿ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಮೊತ್ತ. ಅದನ್ನು ಹಿಡಿದು ಯಾವ ಆಯೋಗಕ್ಕೆ ಹೋಗುವುದು?

ವೈನಿ ಆರಿಸಿದ್ದು

ಮೂರು ಊರು ತಿರುಗಿದ ಮೇಲೆ ವೈನಿ ಪೂರ್ತಿ ಸೆಟ್ಟನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಿಲ್ಲ. ನೀರು ಒಮ್ಮೆ ಬಂದ ಓಣಿ, ಮತ್ತೊಮ್ಮೆ ಬರಲಾರದೆಂದು ಹೇಳುವವರು ಯಾರು? ಕೆಳಗಿನ ಸಾಲಿನ ಅಂಕಣಗಳನ್ನು ಕಡಪಾ ಕಲ್ಲಿನಲ್ಲಿ ಕಟ್ಟಿಸಿ, ಅವುಗಳಿಗೆ ಬಾಗಿಲು ಮಾತ್ರ ಸಿದ್ಧವಾದವನ್ನು ತರಿಸಿದರು. ಬಾಗಿಲು ಕೆಟ್ಟರೆ ಬಾಗಿಲಷ್ಟೇ ಬದಲಾಗುತ್ತದೆ. ಒಂದೇ ಒಂದು ಡ್ರಾವರಿನ ಅಂಕಣ, ಮೇಲಿನ ಎರಡು ತೂಗುಕಪಾಟುಗಳು ಬಿಡಿಹಲಗೆಯ ಪೆಟ್ಟಿಗೆಯಲ್ಲಿ ಬಂದವು, ಅವು ಎಚ್.ಡಿ.ಎಚ್.ಎಂ.ಆರ್. ಹಲಗೆಯವು, ಬಕೀಟಿನ ಪರೀಕ್ಷೆಯಲ್ಲಿ ಗೆದ್ದ ಅಂಗಡಿಯವು. ಒಟ್ಟು ವೆಚ್ಚ ಮೊದಲಿನದಕ್ಕಿಂತ ಒಂಬತ್ತು ಸಾವಿರ ಹೆಚ್ಚಾಯಿತು. ಅಣ್ಣ ಗೊಣಗಿದ. ಕಡಪಾ ಕಲ್ಲಿನ ಮೇಲೆ ಸ್ಟೀಲ್ ಡಬ್ಬಿ ಎಳೆದಾಗ ಕಿರ್ರೆನ್ನುವ ಸದ್ದು ನನಗೂ ಹಿಡಿಸದು, ಮೂಲೆಗಳಲ್ಲಿ ಜಿರಲೆ ಸೇರದಂತೆ ಆಗಾಗ ಒರೆಸಬೇಕು, ಅಂಗಡಿಯ ಚಿತ್ರದಲ್ಲಿರುವಂತೆ ಅದು ಕಾಣುವುದೂ ಇಲ್ಲ. ಬಾಡಿಗೆ ಮನೆಯವರಿಗೆ, ವರ್ಗಾವಣೆಯ ನೌಕರಿಯವರಿಗೆ ಈ ಕಲ್ಲಿನ ಉಪಾಯ ಒಗ್ಗುವುದೂ ಇಲ್ಲ. ಅವರು ಬಿಡಿ ಕಪಾಟನ್ನೇ ಕೊಳ್ಳಬೇಕು. ಆದರೆ ಪಾರ್ಟಿಕಲ್ ಬೋರ್ಡಿನ ಕಪಾಟನ್ನು ಒಂದೆರಡು ಸಲಕ್ಕಿಂತ ಹೆಚ್ಚು ಬಿಚ್ಚಿ ಕೂಡಿಸಲಾಗದು ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು.

ಕಪಾಟು ಕೂಡಿಸಲು ಬಂದ ಹುಡುಗ ಹೊರಡುವಾಗ ವೈನಿ ಅವನಿಗೆ ಚಹಾ ಕೊಟ್ಟು ಕೂಡಿಸಿ, ಬಿಜಾಗರಿಯಲ್ಲಿರುವ ಮೂರು ಸ್ಕ್ರೂಗಳು ಏಕೆಂದು ಕೇಳಿದರು. ಒಂದನ್ನು ತಿರುಗಿಸಿದರೆ ಬಾಗಿಲು ಎಡಬಲಕ್ಕೆ ಸರಿಯುತ್ತದೆ, ಇನ್ನೊಂದರಿಂದ ಹಿಂದೆಮುಂದೆ, ಮೂರನೆಯದರಿಂದ ಮೇಲೆಕೆಳಗೆ. “ಇಷ್ಟ ಗೊತ್ತಿದ್ರ ಸಾಕ್ರಿ ಅಕ್ಕಾರ, ನನ್ನ ಕರಿಯೂದ ಬೇಡ” ಎಂದು ಅವನು ಸ್ಕ್ರೂಡ್ರೈವರನ್ನು ಅವರ ಕೈಗೇ ಕೊಟ್ಟು ಮಾಡಿಸಿದ. ಈಗ ಓಣಿಯಲ್ಲಿ ಯಾರ ಮನೆಯ ಕಪಾಟಿನ ಬಾಗಿಲು ಜೋತರೂ ವೈನಿಗೇ ಕರೆ ಬರುತ್ತದೆ. ಹೋಗುವಾಗ ಸೆರಗಿನಲ್ಲಿ ಒಂದು ಸ್ಕ್ರೂಡ್ರೈವರ್ ಸುತ್ತಿಕೊಂಡು ಹೋಗುತ್ತಾರೆ.